ನಾಲ್ಕನೇ ನಂಬರಿನ ಕಲ್ಲು

ಅದು ಅಷ್ಟು ಚೊಕ್ಕವಾಗಿರಬಾರದಿತ್ತು ಎಂದು ಕೋಮಲಳಿಗೆ ಅನ್ನಿಸಿದ್ದು ಹನೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಹೂಗ್ಯಂ ಬಸ್ಸಿಗೆ ಕಾಯುತ್ತ, ಮೊಬೈಲಿನಲ್ಲಿ ಆರು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟುಕೊಂಡು ನೋಡುತ್ತಿದ್ದಾಗ. ಹೂಗ್ಯಂನ ಕಾಡಂಚಿನಲ್ಲಿ ಆರು ಕಡೆ ಮೊಣಕಾಲುದ್ದ ಗುಂಡಿ ತೋಡಿ ಹೂತಿಟ್ಟ ಆರು ಡಬ್ಬಗಳು ನೆಲದ ಅದುರನ್ನು ಕೇಳಿಸಿಕೊಂಡು ಕಳಿಸಿದ ಗೆರೆಗಳು ಅವು. ಐದು ಗೆರೆಗಳು ಮಗು ಪೆನ್ಸಿಲು ಹಿಡಿದು ಗೀಚಿದ ಹಾಗಿದ್ದವು. ಹಾಲಿನ ಕ್ಯಾನು ಹೊತ್ತವರು, ಶಾಲೆಯ ಮಕ್ಕಳು, ಮೊಪೆಡ್ಡು, ಮೇಕೆ ಹಿಂಡು, ಬೆಳಗಿನಿಂದ ಸಂಜೆಯವರೆಗೆ ಊರಿನ ಎಲ್ಲರ ಕಾಲೂ ಅಲ್ಲಿತ್ತು. ನಾಲ್ಕನೆಯದು ಮಾತ್ರ ಗುಡಿಸಿದ ಅಂಗಳದಂತೆ ಬಿದ್ದಿತ್ತು. ಹತ್ತು ಗಂಟೆಗೆ ದನ ಹೋದ ಟಪಟಪ, ಐದಕ್ಕೆ ಅವು ಮರಳಿದ ಟಪಟಪ. ಕೆಲವು ಮುಂಜಾವಗಳಲ್ಲಿ ಬಿಟ್ಟು ಬಿಟ್ಟು, ಯಾವ ಆತುರವೂ ಇಲ್ಲದೆ ಉಬ್ಬಿ ಇಳಿಯುವ ಏಳೆಂಟು ಗುಡ್ಡೆಗಳು. ಅದು ಆನೆ. ಉಳಿದ ಹೊತ್ತೆಲ್ಲ ಏನೂ ಇಲ್ಲ. ಆರು ತಿಂಗಳಿಂದ ಆ ಕಾಲುದಾರಿಯಲ್ಲಿ ಒಬ್ಬ ಮನುಷ್ಯನೂ ನಡೆದಿರಲಿಲ್ಲ.

ದಿನೇಶ್ ಸರ್‌ಗೆ ಇದರಿಂದಲೇ ಸಂತೋಷ. ಸರ್ ಎಂದರೂ ಅವರು ಅವಳಿಗಿಂತ ಏಳು ವರ್ಷಕ್ಕೆ ಚಿಕ್ಕವರು, ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿ ಮಾಡುತ್ತಿರುವವರು. ಡಬ್ಬದ ಒಳಗೆ ಬೆರಳುಗುರಿನಷ್ಟು ಒಂದು ಚಿಪ್ಪಿದೆ, ಅದು ದೂರದ ದೊಡ್ಡ ಕಂಪ್ಯೂಟರನ್ನು ಕೇಳದೆ ತಾನೇ ನಿರ್ಧಾರ ಮಾಡುತ್ತದೆ, ಈಗ ನಡೆದದ್ದು ದನವೋ ಮನುಷ್ಯನೋ ಆನೆಯೋ ಎಂದು. ಕೆಮ್ಮಣ್ಣು, ಮೊರಸು, ಜಲ್ಲಿನೆಲ ಒಂದೊಂದೂ ಒಂದೊಂದು ಥರ ಅದುರುವುದರಿಂದ ಪ್ರತಿ ಡಬ್ಬವೂ ತನ್ನ ನೆಲವನ್ನು ತಾನೇ ಕಲಿಯಬೇಕು. ಹಾಗೆ ಕಲಿತದ್ದರಲ್ಲಿ ಎಲ್ಲಕ್ಕಿಂತ ಕಡಿಮೆ ತಪ್ಪು ಮಾಡಿದ್ದು ನಾಲ್ಕನೆಯದು. ನಿಮ್ಮ ನಾಲ್ಕನೇ ನಂಬರ್ ನೋಡಿದ್ರೆ ಕಣ್ಣು ತಂಪಾಗುತ್ತೆ ಮೇಡಂ ಎಂದು ಅವರು ಹೋದ ವಾರ ಫೋನಿನಲ್ಲಿ ಹೇಳಿದ್ದರು. ಆ 'ನಿಮ್ಮ' ಎಂಬ ಮಾತು ಅವಳೊಳಗೆ ಎರಡು ದಿನ ಬೆಚ್ಚಗೆ ಕೂತಿತ್ತು. ಈ ಸಂಜೆ ಈ ಕೆಲಸದ ಪ್ರಬಂಧ ಅಚ್ಚಿಗೆ ಹೋಗುತ್ತದೆ. ಐದು ಜನರ ಹೆಸರಿನಲ್ಲಿ ಕೊನೆಯದು ಅವಳದು. ಬೆಳಿಗ್ಗೆ ಸಂದೇಶ ಬಂದಿತ್ತು: ನಾಲ್ಕರ ದಾರಿಯಲ್ಲಿ ಜನ ಓಡಾಡುವುದಿಲ್ಲ ಎಂದು ನಿಮ್ಮ ರಿಜಿಸ್ಟರಿನಲ್ಲಿದೆ, ಅದನ್ನೇ ಒಂದು ಸಾಲು ಬರೆದು ಖಚಿತಪಡಿಸಿ ಕಳಿಸಿಬಿಡಿ, ಸಾಕು.

ಒಂದು ಸಾಲು. ಅವಳು ಅದನ್ನು ಮೂರು ಸಲ ಬರೆದು ಮೂರು ಸಲ ಅಳಿಸಿದ್ದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಹೋಗಿ ನೋಡುವ ಹೆಂಗಸು ಅವಳು. ಇವತ್ತೂ ಹೋಗಿ ನೋಡಿದ್ದಳು, ಆರಿಸಿತ್ತು. ಯಾರಾದರೂ ಒಂದು ಮಾತು ಕೇಳಿದರೆ ಉತ್ತರವನ್ನು ಒಳಗೇ ಒಂದು ಸಲ ಆಡಿ ನೋಡಿ, ಅದರಲ್ಲಿ ಮುಳ್ಳಿಲ್ಲವೆಂದು ಕಂಡ ಮೇಲೆ ಹೊರಗೆ ಬಿಡುವುದು ಅವಳ ಅಭ್ಯಾಸ. ರಿಜಿಸ್ಟರಿನಲ್ಲಿ ಆ ಸಾಲು ಬರೆದ ದಿನವೂ ಹಾಗೇ ಬರೆದಿದ್ದಳು. ಡಬ್ಬ ಹೂತು ಮಣ್ಣು ಕೂತ ಮೂರು ವಾರದ ಮೇಲೆ ಒಂದೊಂದು ಕಡೆಯೂ ಊರಿನ ಹತ್ತು ಜನರನ್ನು ನಡೆಸಿ ಅವರ ಹೆಜ್ಜೆಯನ್ನು ಯಂತ್ರಕ್ಕೆ ಪರಿಚಯ ಮಾಡಿಕೊಡಬೇಕಿತ್ತು. ಐದು ಕಡೆ ಜನ ನಗುತ್ತ, ಕುಂಟುತ್ತ, ಒಬ್ಬರನ್ನೊಬ್ಬರು ಅಣಕಿಸುತ್ತ ನಡೆದರು. ನಾಲ್ಕನೆಯದಕ್ಕೆ ಬನ್ನಿ ಎಂದರೆ ಒಬ್ಬರಿಗೆ ಹಾಲು ಕರೆಯುವುದಿತ್ತು, ಒಬ್ಬರಿಗೆ ಕಾಲು ನೋವಿತ್ತು, ಮೂರನೆಯವರು ಇಗೋ ಬಂದೆ ಎಂದು ಹೋದವರು ಬರಲೇ ಇಲ್ಲ. ಆಗ ಅವಳು ದಾರಿಯ ಬದಿಯಲ್ಲಿ ಕೂತು, ಈ ದಾರಿಯಲ್ಲಿ ಜನ ಓಡಾಡುವುದಿಲ್ಲ ಎಂದು ಬರೆದಳು. ಸುಳ್ಳಲ್ಲ ಅದು. ಅವತ್ತು ಯಾರೂ ಓಡಾಡಿರಲಿಲ್ಲ. ಆದರೆ ದಾರಿ ಎಂದ ಮೇಲೆ ಯಾರೋ ನಡೆದೇ ಅದು ದಾರಿಯಾಗಿರಬೇಕಲ್ಲವೇ? ಆರು ತಿಂಗಳು ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆದಿರಬೇಕಲ್ಲವೇ? ವಾರಕ್ಕೆರಡು ಸಲ ಅಲ್ಲಿಗೆ ಹೋಗುವ ತಾನು ಹುಲ್ಲು ಇದೆಯೋ ಇಲ್ಲವೋ ಎಂದು ನೋಡಿಯೇ ಇಲ್ಲ ಎಂಬುದು ಹೊಳೆದಾಗ ಬಸ್ಸು ಬಂತು.

ರಾಮಾಪುರ ದಾಟುವವರೆಗೆ ಅವಳಿಗೆ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತಾಗ ಬಸ್ಸಿನ ತಳದ ನಡುಕ ಅಂಗಾಲಿನಿಂದ ಮೇಲೇರುತ್ತಿತ್ತು. ಡಬ್ಬದ ಕೆಲಸವೂ ಇಷ್ಟೇ. ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ನೆಲ ಅಲುಗಿದರೆ ಅವೆರಡೂ ಒಂದಕ್ಕೊಂದು ಅಲುಗುತ್ತವೆ, ಅಲುಗಿದಷ್ಟು ವಿದ್ಯುತ್ತು ಹುಟ್ಟುತ್ತದೆ. ತರಬೇತಿಯಲ್ಲಿ ಇದನ್ನು ಮೊದಲ ಸಲ ತೋರಿಸಿದಾಗ ಉಳಿದವರೆಲ್ಲ ಪರದೆ ನೋಡುತ್ತಿದ್ದರೆ ಅವಳಿಗೆ ಕೊಳ್ಳೇಗಾಲದ ಮನೆಯ ನಡುಮನೆ ಕಣ್ಣಿಗೆ ಬಂದಿತ್ತು. ಅಲ್ಲಿ ಗುಣಿಮಗ್ಗದ ಪಕ್ಕ, ತಣ್ಣನೆಯ ಗಾರೆ ನೆಲಕ್ಕೆ ಕಿವಿಯಿಟ್ಟು ಮಲಗಿದ ಆರು ವರ್ಷದ ಹುಡುಗಿ. ಅಪ್ಪ ಸುಬ್ಬಯ್ಯನ ಮಗ್ಗದ ಪೆಟ್ಟು ನೆಲದಲ್ಲಿ ಹಾದು ಕೆನ್ನೆಗೆ ಬರುತ್ತಿತ್ತು. ಅಪ್ಪ ಸಿಟ್ಟಿನಲ್ಲಿದ್ದರೆ ಒಂದು ಥರ, ಹಸಿದಿದ್ದರೆ ಒಂದು ಥರ, ಸೀರೆಯ ಸೆರಗಿನ ಬುಟ್ಟಾ ಹತ್ತಿರ ಬಂದಾಗ ಉಸಿರು ಬಿಗಿಹಿಡಿದಂತೆ ಇನ್ನೊಂದು ಥರ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಅದಕ್ಕೊಂದು ಹೆಸರೇ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದರೂ ಸಿಗದ ಹೆಸರು, ಮೂವತ್ತೆರಡನೆಯ ವಯಸ್ಸಿನಲ್ಲಿ, ಆರು ಡಬ್ಬ ಕಾಯುವ ಕೆಲಸದಲ್ಲಿ ಸಿಕ್ಕಿತ್ತು.

ಮಗ್ಗದ ನೆನಪು ಬಂದರೆ ಹಾಸಿನ ನೆನಪೂ ಬರದೆ ಇರುವುದಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ರೇಷ್ಮೆಯ ಹಾಸು ಎಳೆದು ಕಟ್ಟಿರುತ್ತಿದ್ದರು, ಸಾವಿರಾರು ಎಳೆ, ಉಸಿರು ತಗುಲಿದರೂ ಮಿನುಗುವಂಥದ್ದು. ಆ ಹೊತ್ತಿನಲ್ಲಿ ಬೀದಿಯವರೆಲ್ಲ ಗೋಡೆಗೆ ಅಂಟಿಕೊಂಡು ನಡೆಯಬೇಕು, ಮಕ್ಕಳು ಜಗುಲಿ ಇಳಿಯಬಾರದು. ಕೋಮಲ ಇಳಿದಳು. ಎದುರು ಮನೆಗೆ ಓಡಿದಳು. ಕಾಲಿಗೆ ಏನೋ ನವಿರಾಗಿ ತಾಗಿ ಬಿಟ್ಟುಕೊಂಡಂತಾಯಿತು, ಅಷ್ಟೇ. ತಿರುಗಿ ನೋಡಿದರೆ ಒಂದು ಹಿಡಿ ಎಳೆ ನೆಲದ ಮೇಲಿತ್ತು. ಅಪ್ಪ ಬಂದು ನೋಡಿದಾಗ ಅವಳು ಬಾಯಿ ಬಿಡಲಿಲ್ಲ. ಬೀದಿಯ ಕಂದು ನಾಯಿ ಅಲ್ಲೇ ಬಾಲ ಅಲ್ಲಾಡಿಸುತ್ತಿತ್ತು. ಯಾರೋ ಇದರದ್ದೇ ಕೆಲಸ ಎಂದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾಯಿಯನ್ನು ಗೋಣಿಗೆ ತುಂಬಿ ಮುಡಿಗುಂಡದ ಆಚೆ ಬಿಟ್ಟುಬಂದರು. ಅಪ್ಪ ಮೂರು ದಿನ ಬಗ್ಗಿ ಕೂತು ಒಂದೊಂದೇ ಎಳೆ ಗಂಟು ಹಾಕಿದರು, ಮಗ್ಗ ಮೂರು ದಿನ ಸುಮ್ಮನಿತ್ತು. ಆ ಮೂರು ದಿನ ನೆಲಕ್ಕೆ ಕಿವಿಯಿಟ್ಟರೆ ಏನೂ ಕೇಳುತ್ತಿರಲಿಲ್ಲ. ಗುಡಿಸಿದ ಅಂಗಳದಂತೆ.

ಹೂಗ್ಯಂನಲ್ಲಿ ಇಳಿದಾಗ ಹನ್ನೊಂದೂವರೆ. ಹಾಲಿನ ಡೈರಿಯ ಕಟ್ಟೆಯ ಮೇಲೆ ಶಿವನಂಜಯ್ಯ ಎಂದಿನಂತೆ ಬೀಡಿ ಹಿಡಿದು ಕೂತಿದ್ದರು. ಅವರ ತಲೆಯ ಮೇಲೆ, ಡೈರಿಯ ತಾರಸಿಯಲ್ಲಿ, ಹೋದ ತಿಂಗಳಿಂದ ಚಾಲೂ ಮಾಡಿದ ಸೈರನ್ನಿನ ಬಾಯಿ ಕಾಡಿನ ಕಡೆ ತೆರೆದುಕೊಂಡಿತ್ತು. ಡಬ್ಬ ಆನೆ ಎಂದರೆ ಅದು ಕೂಗುತ್ತದೆ. ಡಬ್ಬದ ಮೇಡಮ್ಮು ಬಂತು ಎಂದು ಶಿವನಂಜಯ್ಯ ಯಾರಿಗೂ ಅಲ್ಲದೆ ಹೇಳಿ, ಅವಳನ್ನು ನೋಡಿ ಸ್ವಲ್ಪ ಎದ್ದಂತೆ ಮಾಡಿ ಮತ್ತೆ ಕೂತರು. ಈ ಎದ್ದಂತೆ ಮಾಡುವುದು ಯಾವಾಗಿನಿಂದ ಶುರುವಾಯಿತು? ಡಬ್ಬ ಹೂಳಲು ಜಾಗ ನೋಡುತ್ತಿದ್ದ ದಿನಗಳಲ್ಲಿ ಅವರು ಅವಳನ್ನು ನೋಡಿದರೆ ಬೀಡಿಯನ್ನೂ ಆರಿಸುತ್ತಿರಲಿಲ್ಲ. ಊರಿನವರು ತನಗೆ ಕೊಡುತ್ತಿರುವ ಮರ್ಯಾದೆಯಲ್ಲಿ ಏನೋ ಒಂದು ತನ್ನದಲ್ಲದ್ದು ಬೆರೆತಿದೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಕೇಳಿದರೆ ಅದು ಹೋಗಿಬಿಟ್ಟೀತೆಂದು ಕೇಳಿರಲಿಲ್ಲ. ಕೊಳ್ಳೇಗಾಲದ ಬೀದಿಯಲ್ಲಿ ಅವಳಿಗಾಗಿ ಯಾರೂ ಎದ್ದಂತೆ ಮಾಡುತ್ತಿರಲಿಲ್ಲ.

ನಾಲ್ಕನೆಯ ಕಡೆ ಹೊರಟಾಗ ದೊಡ್ಡಮಾದಮ್ಮ ಜೊತೆಯಾದಳು. ಎಪ್ಪತ್ತು ದಾಟಿದ ಹೆಂಗಸು, ಹುರುಳಿ ಹೊಲದಲ್ಲಿದ್ದ ಮಗನಿಗೆ ಮುದ್ದೆಯ ಗಂಟು ತೆಗೆದುಕೊಂಡು ಹೋಗುತ್ತಿದ್ದಳು. ಹೊಲ ಇರುವುದು ನಾಲ್ಕನೆಯ ಡಬ್ಬದ ಕಂಬದ ಆಚೆ. ಕೋಮಲ ಮನಸ್ಸಿನಲ್ಲೇ ಒಂದು ಕ್ಷಣ ನಿಂತಳು. ಆಚೆ ಹೊಲವಿದೆ. ಹೊಲಕ್ಕೆ ದಿನವೂ ಊಟ ಹೋಗುತ್ತದೆ. ಹಾಗಾದರೆ ಊಟ ಯಾವ ಕಾಲಿನ ಮೇಲೆ ಹೋಗುತ್ತದೆ? ಇದನ್ನು ಬಾಯಿಬಿಟ್ಟು ಕೇಳದೆ ಅವಳು ಮುದುಕಿಯ ಹಿಂದೆ ನಡೆದಳು, ಕಣ್ಣನ್ನು ಅವಳ ಹಿಮ್ಮಡಿಯ ಮೇಲೇ ಇಟ್ಟು. ದೊಡ್ಡಮಾದಮ್ಮ ತನ್ನ ಸೊಸೆ ಪ್ರೇಮಾಳ ದೂರು ಹೇಳುತ್ತಿದ್ದಳು, ಮುದ್ದೆಗೆ ನೀರು ಜಾಸ್ತಿ ಬಿಡುತ್ತಾಳೆಂದು. ಹಸಿರು ಬಳಿದ ಕಬ್ಬಿಣದ ಕಂಬ ಕಂಡಿತು, ಅದರ ತುದಿಯ ಎಚ್ಚರಿಕೆ ದೀಪದ ಮೇಲೆ ಸೋಲಾರ್ ಹಲಗೆ ಬಿಸಿಲಿಗೆ ಹೊಳೆಯಿತು. ಕಂಬದಿಂದ ಹತ್ತು ಮಾರು ಈಚೆಗೆ, ದಾರಿಯ ನಡುವೆ, ಡಬ್ಬ ಹೂತ ಜಾಗದ ಮೇಲಿಟ್ಟ ಬೋಳುಕಲ್ಲು. ಅದು ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ದೊಡ್ಡಮಾದಮ್ಮ ಮಾತು ನಿಲ್ಲಿಸದೆ, ತಿರುಗಿ ನೋಡದೆ, ಚಪ್ಪಲಿ ಬಿಟ್ಟು ಬಗ್ಗಿ ಎತ್ತಿಕೊಂಡಳು. ಬಲಕ್ಕೆ ತಿರುಗಿದಳು. ಲಂಟಾನ ಪೊದೆಯ ಸಂದಿಗೆ ನುಗ್ಗಿ, ಮುಳ್ಳಿನಿಂದ ಸೆರಗು ಬಿಡಿಸಿಕೊಂಡು, ಅರ್ಧಚಂದ್ರದ ಹಾಗೆ ಸುತ್ತಿ, ಕಲ್ಲಿನ ಆಚೆ ಬದಿಯಲ್ಲಿ ಮತ್ತೆ ದಾರಿಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅಷ್ಟರಲ್ಲಿ ಮುದ್ದೆಯ ದೂರು ಸಾರಿನ ಉಪ್ಪಿಗೆ ಬಂದಿತ್ತು. ಉಗುಳು ನುಂಗುವಷ್ಟು ಸಹಜವಾಗಿ ನಡೆದುಹೋದ ಇದನ್ನು ಕೋಮಲ ಬೆರಗಿನಿಂದ ನೋಡಿದಳು. ನೋಡುತ್ತಿದ್ದಂತೆ ಇನ್ನೊಂದು ಕಂಡಿತು. ತಾನೂ ಅವಳ ಹಿಂದೆಯೇ ಸುತ್ತಿ ಬಂದು ಆಚೆ ಬದಿಯಲ್ಲಿ ನಿಂತಿದ್ದಳು. ಚಪ್ಪಲಿ ಕೈಯಲ್ಲಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅವಳು ನಿಂತಲ್ಲೇ ಕೆಳಗೆ ನೋಡಿದಳು. ಹುಲ್ಲು ಕಲ್ಲಿನ ಸುತ್ತ ಎರಡು ಬೆರಳು ಬೆಳೆದಿತ್ತು, ದನ ಹಾದ ಕಡೆ ಮಾತ್ರ ತುಳಿತಕ್ಕೆ ಸಿಕ್ಕಿತ್ತು. ಪೊದೆಯೊಳಗಿನ ಬಳಸುದಾರಿ ಬೆಳ್ಳಗೆ, ನುಣ್ಣಗೆ, ಹತ್ತು ವರ್ಷದ ದಾರಿಯಂತೆ ಬಿದ್ದಿತ್ತು. ಅದರ ಒಂದು ಬದಿ ಲಂಟಾನ ತಲೆಯೆತ್ತರ. ಒಳಗೆ ಕೈತೋಳಿನ ದಪ್ಪದ ಕಾಂಡಗಳು ಮುರಿದು ಮಲಗಿದ್ದವು, ಒಣಗಿದ ಲದ್ದಿಯ ಉಂಡೆಗಳಲ್ಲಿ ಹುಣಸೆ ಬೀಜ ಮೊಳಕೆಯೊಡೆದಿತ್ತು.

ಸುತ್ತಿಕೊಂಡು ಯಾಕೆ ಬಂದಿರಿ ಎಂದು ಅವಳು ಕೇಳಿದಳು.

"ಇದೊಳ್ಳೆ ಕತೆ ಆಯ್ತಲ್ಲವ್ವ" ಎಂದಳು ದೊಡ್ಡಮಾದಮ್ಮ. "ಏಳ್ದೋಳು ನೀನು, ಕೇಳೋಳೂ ನೀನೇಯಾ? ಏನೋ ಅದೆ, ತುಳೀಬ್ಯಾಡಿ ಅಂದ್ಯಂತೆ. ಶಿವನಂಜಣ್ಣ ಅವತ್ತೇ ಊರ್ಗೆಲ್ಲ ಸಾರ್ಬುಟ್ಟ."

ಆ ಮಧ್ಯಾಹ್ನ ಇಡಿಯಾಗಿ ವಾಪಸು ಬಂತು. ಬಿಸಿಲು, ಗುದ್ದಲಿಯ ಬೊಬ್ಬೆ, ಬೆನ್ನುನೋವು. ಮೊದಲ ಮೂರು ಗುಂಡಿಗಳ ಹತ್ತಿರ ಬಂದವರಿಗೆಲ್ಲ ಅವಳು ಅಯಸ್ಕಾಂತ, ತಂತಿ, ಅದುರು ಎಂದು ಬಿಡಿಸಿ ಹೇಳಿದ್ದಳು. ಅವರು ಕೇಳಿ, ನಕ್ಕು, ಮತ್ತೊಂದು ಪ್ರಶ್ನೆ ಕೇಳಿದ್ದರು, ಅವಳಿಗೂ ಖುಷಿಯಾಗಿತ್ತು. ನಾಲ್ಕನೆಯದರ ಹೊತ್ತಿಗೆ ಗಂಟಲು ಒಣಗಿತ್ತು, ಕೊನೆಯ ಬಸ್ಸಿನ ಚಿಂತೆ ಹತ್ತಿತ್ತು. ಶಿವನಂಜಯ್ಯ ಹತ್ತಿರ ಬಂದು, ಬೇರೆಯವರಂತೆ ಜೋರಾಗಿ ಕೇಳದೆ, ದನಿ ತಗ್ಗಿಸಿ, ಏನಾದ್ರೂ ಮಾಡ್ಸಿ ಊತಿದ್ದೀರಾ ತಾಯಿ ಎಂದಿದ್ದರು. ಎಲ್ಲೆ ಕಟ್ಟಲು ತಗಡೋ ತೆಂಗಿನಕಾಯೋ ಮಂತ್ರಿಸಿ ಹೂಳುವವರು ಈ ಕಡೆ ಇದ್ದಾರೆ, ಅದು ಅವಳಿಗೂ ಗೊತ್ತಿತ್ತು. ಆ ಕಣ್ಣಿನಲ್ಲಿದ್ದ ಆಸೆಯೂ ಕಂಡಿತ್ತು. ಇಲ್ಲ ಎಂದು ಶುರುಮಾಡಿದರೆ ಮತ್ತೆ ಅಯಸ್ಕಾಂತದಿಂದ ಬರಬೇಕು. ಏನೋ ಇದೆ ಬಿಡಿ ತಾತ, ತುಳೀಬೇಡಿ ಅಷ್ಟೆ ಎಂದುಬಿಟ್ಟಿದ್ದಳು. ಒಳಗೆ ಆಡಿ ನೋಡದೆ ಹೊರಗೆ ಬಿಟ್ಟ ಒಂದೇ ಮಾತು. ಮಣ್ಣು ಕೂರುವ ಮೂರು ವಾರಕ್ಕೆ ಹೇಳಿದ ಮಾತು, ಮೂರು ವಾರ ಎಂದು ಹೇಳಿರಲಿಲ್ಲ.

ಅಷ್ಟೇ ಆಗಿದ್ದರೆ ಮಳೆಗೆ ತೊಳೆದುಹೋಗುತ್ತಿತ್ತೇನೋ. ಈಗ ಅವಳು ಕಲ್ಲಿನ ಹತ್ತಿರ ಬಗ್ಗಿ ನೋಡಿದಳು. ನೋಡಬಾರದೆಂದು ಆರು ತಿಂಗಳು ತನ್ನ ಕಣ್ಣೇ ಜಾರಿಕೊಳ್ಳುತ್ತಿದ್ದದ್ದು ಅಲ್ಲಿತ್ತು. ಕಲ್ಲಿನ ನೆತ್ತಿಯ ಮೇಲೆ ಕುಂಕುಮ, ಹೊಸದು, ಅದರ ಮೇಲೆ ಬಾಡಿದ ಒಂದು ಕಣಗಿಲೆ. ಬೇರೆ ಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ನಂಬರು ಹಾಕಿದ್ದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬಣ್ಣದ ಡಬ್ಬಿ ಒಣಗಿತ್ತು. ನಾಳೆ ಬಂದರೆ ಗುರುತು ಸಿಗಬೇಕಲ್ಲ. ಬ್ಯಾಗು ತಡಕಿದರೆ ಅಮ್ಮ ಕೊಟ್ಟಿದ್ದ ಕುಂಕುಮದ ಪೊಟ್ಟಣ. ಬಾಟಲಿಯ ನೀರಿನಲ್ಲಿ ಕಲಸಿ ಬೆರಳಿನಿಂದ ಒಂದು ಬೊಟ್ಟಿಟ್ಟಿದ್ದಳು. ಗುರುತಿಗೆ. ಬೆರಳನ್ನು ಹುಲ್ಲಿಗೆ ಒರೆಸಿ ಬಸ್ಸಿಗೆ ಓಡಿದ್ದಳು. ಕಾಲೇಜಿನಲ್ಲಿ ಓದಿದವಳು, ನೇಕಾರರ ಬೀದಿಯಲ್ಲಿ ಬೆಳೆದವಳು, ಗುಂಡಿ ಮುಚ್ಚಿ ಕಲ್ಲಿಟ್ಟು ಬೊಟ್ಟಿಟ್ಟು ತುಳಿಯಬೇಡಿ ಎಂದರೆ ಅದು ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂಬುದಕ್ಕೆ ಅವಳ ಕಾಲೇ ಸಾಕ್ಷಿ. ಆರು ತಿಂಗಳು ಬ್ಯಾಟರಿ ನೋಡಲು, ಲದ್ದಿ ಎಣಿಸಲು ಬಂದವಳು ಒಂದು ಸಲವೂ ಇದರ ಮೇಲೆ ಕಾಲಿಟ್ಟಿರಲಿಲ್ಲ.

ದೊಡ್ಡಮಾದಮ್ಮ ಅವಳ ಮುಖ ನೋಡಿ ಗಂಟನ್ನು ಕೆಳಗಿಟ್ಟು ಕೂತಳು. ಆ ಕಲ್ಲು ಒಳ್ಳೆಯದನ್ನೇ ಮಾಡಿದೆ, ಚಿಂತೆ ಮಾಡಬೇಡ ಎಂಬಂತೆ ಮೂರು ವಾರದ ಹಿಂದಿನ ಕತೆ ಹೇಳಿದಳು. ಪ್ರೇಮಾ ನಸುಕಿನಲ್ಲಿ ಹಾಲಿನ ಕ್ಯಾನು ಹೊತ್ತು ಈ ಪೊದೆಯ ಸಂದಿಯಲ್ಲಿ ಸುತ್ತಿ ಬರುತ್ತಿದ್ದಾಗ ಒಳಗೆ ಒಂದು ಸಲಗ ನಿಂತಿತ್ತಂತೆ. ಗೋಡೆ ಅಂದುಕೊಂಡಳಂತೆ, ಗೋಡೆ ಕಿವಿ ಬೀಸಿತಂತೆ. ಕ್ಯಾನು ಬಿಸಾಕಿ ಓಡಿ ಬಿದ್ದು ಮಂಡಿಚಿಪ್ಪು ಬಿಟ್ಟುಕೊಂಡಿದೆ, ಕಟ್ಟು ಹಾಕಿಸಿಕೊಂಡು ಮನೆಯಲ್ಲಿದ್ದಾಳೆ. ಆನೆ ಅಟ್ಟಿಸಿಕೊಂಡು ಬರಲಿಲ್ಲ. ಕಲ್ಲು ಕಾಯಿತು. ಅವತ್ತಿನಿಂದ ಸೋಮವಾರ ಸೋಮವಾರ ಪ್ರೇಮಾನೇ ಕುಂಕುಮ ಇಡಿಸುತ್ತಾಳೆ.

ಸೈರನ್ನು ಯಾಕೆ ಕೂಗಲಿಲ್ಲ ಎಂದು ಕೋಮಲ ಕೇಳುವ ಅಗತ್ಯವಿರಲಿಲ್ಲ. ನಿಂತ ಆನೆ ನೆಲಕ್ಕೆ ಏನನ್ನೂ ಹೇಳುವುದಿಲ್ಲ, ನೆಲಕ್ಕೆ ನಡೆಯುವುದು ಮಾತ್ರ ಗೊತ್ತು. ನೇರ ದಾರಿಯಲ್ಲಿ ಬಂದಿದ್ದರೆ ಪ್ರೇಮಾ ಆ ಪೊದೆಯ ಬಾಯಿಗೆ ಹೋಗುತ್ತಲೇ ಇರಲಿಲ್ಲ. ಅವಳನ್ನು ಅಲ್ಲಿಗೆ ತಿರುಗಿಸಿದ್ದು ಒಂದು ಬೊಟ್ಟು, ಒಂದು ಮಾತು. ನಾಳೆ ನಸುಕಿನಲ್ಲಿ ಇನ್ನೊಬ್ಬರು ತಿರುಗುತ್ತಾರೆ. ಮೊಬೈಲು ತೆಗೆದು ಗೆರೆ ನೋಡಿದಳು. ಈಗಷ್ಟೆ ಇಬ್ಬರು ಹಾದು ಬಂದರೂ ಅಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ತಂಪು.

ಅಲ್ಲಿ ಅಂಥದ್ದೇನೂ ಇಲ್ಲ ಎಂದು ಅವಳು ಹೇಳತೊಡಗಿದಳು. ಅಯಸ್ಕಾಂತ, ತಂತಿ. ಬೇರೆ ಐದು ಕಡೆ ಇರುವುದೇ ಇಲ್ಲೂ ಇರುವುದು. ಕುಂಕುಮ ನಾನೇ ಇಟ್ಟೆ, ಬಣ್ಣ ಮುಗಿದಿತ್ತು, ಗುರುತಿಗೆ ಇಟ್ಟೆ. ಕಾಯುವುದು ಕಲ್ಲಲ್ಲ, ಇನ್ನು ಮೇಲೆ ನೇರವಾಗಿ ಇದರ ಮೇಲೇ ನಡೆದು ಹೋಗಿ, ಪೊದೆಯ ಕಡೆ ಹೋಗಲೇಬೇಡಿ. ಹೇಳುತ್ತ ಹೇಳುತ್ತ ಮಾತುಗಳು ಸಣ್ಣಗಾದವು. ಮುದುಕಿ ಎಲ್ಲವನ್ನೂ ತಲೆದೂಗಿ ಕೇಳಿಸಿಕೊಂಡಳು. ಆಮೇಲೆ, ಚುಚ್ಚಬೇಕೆಂದಲ್ಲ, ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು:

"ಅಂಗಾರೆ ನೀನ್ಯಾಕವ್ವ ಆರ್ ತಿಂಗ್ಳಿಂದ ಸುತ್ತಾಕಂಡೇ ಬತ್ತಿದ್ದೀಯೆ?"

ಕೋಮಲ ದಾರಿಯಲ್ಲಿ ಹಿಂದಕ್ಕೆ ಹೋಗಿ, ಇಪ್ಪತ್ತು ಹೆಜ್ಜೆ ಈಚೆ, ಕಲ್ಲಿಗೆ ಎದುರಾಗಿ ನಿಂತಳು. ಈ ಸಲವೂ ಪೊದೆಯ ಮೂಲಕವೇ ಬಂದೆ ಎಂಬುದನ್ನೂ ಗಮನಿಸಿದಳು. ಅಲ್ಲಿಂದ ಕಲ್ಲು ಸಣ್ಣದಾಗಿ, ಕೆಂಪು ಬೊಟ್ಟಿನೊಂದಿಗೆ, ಯಾರದೋ ಹಣೆಯಂತೆ ಕಂಡಿತು. ಅದರ ಕೆಳಗೆ ಏನಿದೆಯೆಂದು ಈ ಲೋಕದಲ್ಲಿ ಅವಳಷ್ಟು ಬಲ್ಲವರಿಲ್ಲ. ತಂತಿಗೆ ಟೇಪು ಸುತ್ತಿದ್ದು ಅವಳು, ಡಬ್ಬದ ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಬಿಗಿದದ್ದು ಅವಳು. ಆದರೂ ಕಾಲು ಏಳಲಿಲ್ಲ. ಇದು ಭಯವೇ? ಭಯವಲ್ಲ ಎನ್ನಿಸಿತು. ಮರ್ಯಾದೆಯೇ, ಯಾರಿಗೆ? ತನ್ನ ಬೆರಳು ಇಟ್ಟದ್ದಕ್ಕೆ ತನ್ನ ಕಾಲು ಹೆದರುವುದೆಂದರೆ ಎರಡೂ ಬೇರೆ ಬೇರೆಯವರದ್ದಾಗಿರಬೇಕು. ಯಂತ್ರಕ್ಕೂ ಹೀಗೇ ಆಗಿರಬಹುದಲ್ಲವೇ, ಯಾರೂ ಹೇಳಿಕೊಡದೆ, ಸುಮ್ಮನೆ ನಡೆದದ್ದನ್ನು ನೋಡಿ ನೋಡಿ ಒಂದು ನಂಬಿಕೆ ಕೂತುಬಿಟ್ಟಿರಬಹುದಲ್ಲವೇ, ಇಲ್ಲಿ ಮನುಷ್ಯರಿಲ್ಲ ಎಂದು? ಈ ವಿಚಾರ ಅವಳಿಗೆ ಎಷ್ಟು ಹಿಡಿಸಿತೆಂದರೆ ಸಂಕಟದ ನಡುವೆಯೂ ಒಂದು ಸಣ್ಣ ಕುತೂಹಲ ಎದ್ದು ಕೂತಿತು. ಈಗ ತಾನು ನಡೆದರೆ ಅದು ಏನನ್ನುತ್ತದೆ? ಕೆಳಗೆ ನೋಡಿದರೆ ಚಪ್ಪಲಿ ಆಗಲೇ ಕಾಲಿನಿಂದ ಬಿಟ್ಟಿತ್ತು. ಅವಳು ಅದನ್ನು ಮತ್ತೆ ಮೆಟ್ಟಿಕೊಂಡಳು. ಹೆಜ್ಜೆ ಇಟ್ಟಳು. ಒಂದು ಇಟ್ಟು, ನಿಂತು, ಇನ್ನೊಂದು. ಹಾಸಿನ ಮೇಲೆ ನಡೆಯುವವಳಂತೆ, ಈ ಸಲ ಬೇಕೆಂದೇ, ಕಾಲನ್ನು ಪೂರಾ ಊರಿ ಊರಿ. ಕಲ್ಲಿನ ಹತ್ತಿರ ಬಂದು ಕುಂಕುಮವಿದ್ದ ನೆತ್ತಿಯನ್ನು ಬಿಟ್ಟು, ಅದನ್ನು ಎರಡು ಕೈಯಿಂದ ಎತ್ತಿ ದಾರಿಯ ಪಕ್ಕಕ್ಕೆ ಇಟ್ಟಳು. ಕಣಗಿಲೆ ಬೀಳದಂತೆ ನೋಡಿಕೊಂಡಳು. ಕಲ್ಲಿದ್ದ ಜಾಗದ ತೇವದ ಮಣ್ಣಿನ ಮೇಲೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

ಕಂಬದ ತುದಿಯ ದೀಪ ಕೆಂಪಾಯಿತು. ಊರಿನ ಕಡೆಯಿಂದ ಸೈರನ್ನು ಉದ್ದಕ್ಕೆ ಕೂಗಿತು.

ಹುರುಳಿ ಹೊಲದಿಂದ ದೊಡ್ಡಮಾದಮ್ಮನ ಮಗ ಹೋ ಎಂದು ತಟ್ಟೆ ಬಡಿಯತೊಡಗಿದ. ದೂರದಲ್ಲಿ ಯಾರೋ ಪಟಾಕಿ ಹಚ್ಚಿದರು. ನಾಯಿಗಳು ಒಟ್ಟಿಗೆ ಬೊಗಳಿದವು. ಹಗಲು ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ನಲವತ್ತೈದು ಕೆಜಿಯ ಕೋಮಲ, ಬ್ಯಾಗು ಹೆಗಲಿಗೆ ಹಾಕಿಕೊಂಡು ಒಬ್ಬಳೇ ದಾರಿಯ ನಡುವೆ ನಿಂತಿದ್ದಳು. ದೊಡ್ಡಮಾದಮ್ಮ ಕಾಡಿನ ಕಡೆ ನೋಡಿದಳು, ಕಂಬದ ಕಡೆ ನೋಡಿದಳು, ಕೊನೆಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನೇ ಕನವ್ವ ಅದು ಆನೆ ಅನ್ನಾದು" ಎಂದಳು. "ಈ ಮೈಯ ನೋಡ್ಬುಟ್ಟು." ಹಲ್ಲಿಲ್ಲದ ಬಾಯಿ ತೆರೆದು, ಕೂತಲ್ಲೇ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಈ ಊರಿನಲ್ಲಿ ತನ್ನ ಮುಂದೆ ಯಾರೂ ಹೀಗೆ ನಕ್ಕು ಆರು ತಿಂಗಳಾಯಿತು ಎಂದು ಕೋಮಲಳಿಗೆ ತಟ್ಟನೆ ಗೊತ್ತಾಯಿತು.

ಮೊಬೈಲು ಕೈಯಲ್ಲೇ ನಡುಗಿತು. ದಿನೇಶ್. ಅವರ ದನಿ ಓಡಿ ಬಂದವರಂತಿತ್ತು. ನಾಲ್ಕರಲ್ಲಿ ಆನೆ ಬಂದಿದೆ, ಹಗಲು ಹೊತ್ತು, ನೂರಕ್ಕೆ ತೊಂಬತ್ತೇಳು ಖಚಿತ ಎನ್ನುತ್ತಿದೆ, ನೀವು ಹೇಗೂ ಅಲ್ಲೇ ಇದ್ದೀರಿ, ಕಣ್ಣಾರೆ ನೋಡಿದ್ರೆ ಇದನ್ನೂ ಪ್ರಬಂಧಕ್ಕೆ ಸೇರಿಸಿಬಿಡೋಣ. "ನೋಡಿದ್ರಾ ಮೇಡಂ?"

ಹೌದೆಂದರೆ ಮುಗಿಯಿತು. ಹೌದೆನ್ನದೆ ಅಲ್ಲವೆನ್ನದೆ ಸುಮ್ಮನಿದ್ದರೂ ಮುಗಿಯುತ್ತದೆ, ಸಿಗ್ನಲ್ ಇಲ್ಲಿ ಹೋಗಿ ಬರುತ್ತದೆ. ಐದನೆಯ ಹೆಸರು ಅಚ್ಚಾಗುತ್ತದೆ. ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಅದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದ್ದಳು, ಅಪ್ಪನ ಇನಿಶಿಯಲ್ ಸೇರಿಸಿ ಒಂದು ಸಲ, ಸೇರಿಸದೆ ಒಂದು ಸಲ. ಗೋಣಿಯೊಳಗಿನಿಂದ ಕಂದು ನಾಯಿ ಕುಂಯ್‌ಗುಟ್ಟಿದ್ದು ಎಷ್ಟು ಹೊತ್ತು ಕೇಳಿಸಿತ್ತು? ಬೀದಿಯ ತಿರುವಿನವರೆಗೆ. ಅಪ್ಪ ತೀರಿಹೋದ ಮೇಲೂ ಅವಳು ಅದನ್ನು ಹೇಳಿರಲಿಲ್ಲ.

"ಆನೆ ಅಲ್ಲ ಸರ್" ಎಂದಳು. "ನಡೆದದ್ದು ನಾನು."

ಸೈರನ್ನು ನಿಂತಿತು. ತಟ್ಟೆ ಬಡಿಯುವುದು ಮಾತ್ರ ಇನ್ನೂ ನಡೆದಿತ್ತು. ಅವಳು ಬಣ್ಣದ ಡಬ್ಬಿ ಒಣಗಿದ್ದರಿಂದ ಶುರುಮಾಡಿದಳು. ಯಾವುದನ್ನೂ ಒಳಗೆ ಆಡಿ ನೋಡಲಿಲ್ಲ. ಕುಂಕುಮ, ಶಿವನಂಜಯ್ಯ, ತಾನು ಹೇಳಿದ ಮಾತು ಹಾಗೆ ಹಾಗೇ, ರಿಜಿಸ್ಟರಿನ ಸಾಲು, ಪೊದೆಯ ದಾರಿ, ಪ್ರೇಮಾಳ ಮಂಡಿ. ಅಲ್ಲಿ ಜನ ಇದ್ದಾರೆ ಸರ್, ಯಂತ್ರಕ್ಕೆ ಅವರು ಗೊತ್ತಿಲ್ಲ, ನಾಲ್ಕರ ಲೆಕ್ಕ ಪೂರಾ ತೆಗೆದುಹಾಕಬೇಕು ಎಂದಳು. ನನ್ನ ಹೆಸರನ್ನೂ ಎಂದಳು. ಇದು ಮಾತ್ರ ಸ್ವಲ್ಪ ತಡೆದು ಬಂತು. ದಿನೇಶ್‌ಗೆ ಬಂದದ್ದು ಸಿಟ್ಟೋ ಲೆಕ್ಕಾಚಾರವೋ ತಿಳಿಯಲಿಲ್ಲ, ಫೋನಿನಲ್ಲಿ ಮೌನಕ್ಕೆ ಅದುರಿರುವುದಿಲ್ಲ. ಆಮೇಲೆ ಅವರು, ಆರು ತಿಂಗಳು ಒಬ್ಬರೂ ತುಳಿಯಲಿಲ್ಲವಾ, ಒಬ್ಬರೂ, ಎಂದು ಮೆಲ್ಲಗೆ, ತಮಗೇ ಕೇಳಿಕೊಂಡಂತೆ ಕೇಳಿದರು. ದನಿಯಲ್ಲಿದ್ದದ್ದು ಸೋಲೇ ಆದರೂ ಅದರ ಅಡಿಯಲ್ಲಿ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಇನ್ನೊಂದೂ ಇತ್ತು, ಆ ಸಣ್ಣ ಕುತೂಹಲ.

ಅಷ್ಟರಲ್ಲಿ ದೊಡ್ಡಮಾದಮ್ಮ ಎದ್ದಿದ್ದಳು. ಪಕ್ಕಕ್ಕಿಟ್ಟ ಕಲ್ಲಿಗೆ ಒಂದು ಸಲ ಕೈ ಮುಗಿದಳು, ಅಷ್ಟನ್ನು ಬಿಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡೇ, ಮುದ್ದೆಯ ಗಂಟನ್ನು ಸೊಂಟಕ್ಕಿಟ್ಟುಕೊಂಡು, ತನ್ನನ್ನು ಅದು ಏನನ್ನುತ್ತದೋ ನೋಡೇಬಿಡೋಣ ಎಂಬಂತೆ ಒಂದು ಕಣ್ಣು ಕಂಬದ ಮೇಲಿಟ್ಟು, ಕಲ್ಲಿದ್ದ ಜಾಗಕ್ಕೆ ಮರಳಿ ದಾರಿಯ ನಟ್ಟನಡುವೆ ಹೆಜ್ಜೆ ಹಾಕಿದಳು. ಬಿಟ್ಟು, ಬಿಟ್ಟು, ಮೊಣಕಾಲು ನೋವಿನ ನಿಧಾನದಲ್ಲಿ. ದೀಪ ಮತ್ತೆ ಕೆಂಪಾಯಿತು, ಊರಿನ ಕಡೆಯಿಂದ ಸೈರನ್ನು ಮತ್ತೆ ಕೂಗಿತು.

"ಈಗ ಯಾರು?" ದಿನೇಶ್ ಕೇಳಿದರು.

"ಬರ್ಕೊಳ್ಳಿ ಸರ್" ಎಂದಳು ಕೋಮಲ. "ಮನುಷ್ಯರು. ಹೆಸರು ದೊಡ್ಡಮಾದಮ್ಮ."